ಕೇಳಿಸುವ ದನಿ ಯಾವ ಭಾಷೆಯದು?

ನಾಗಪುರದ ಲಕ್ಷ್ಮೀ ನಗರದಲ್ಲಿ, ಎಂಟು ರಸ್ತೆ ಕೂಡುವ ಚೌಕದಿಂದ ತುಸು ಒಳಗೆ, ಎರಡನೇ ಮಹಡಿಯಲ್ಲಿ ಒಂದು ಕನ್ನಡದ ಮನೆ ಇದೆ ಎಂದಿಟ್ಟುಕೊಳ್ಳಿ. ಮಗನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಬಂದು ಆರು ವರ್ಷವಾಯಿತು. ಗದಗಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ಕರೆತಂದಿದ್ದಾನೆ. ಅರವತ್ತು ದಾಟಿದ ಅವ್ವನಿಗೆ ಮರಾಠಿ ಬಾರದು. ಹಿಂದಿ, ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡುವಷ್ಟು ಮಾತ್ರ. ಮೂರು ತಿಂಗಳಿಂದ ಆಕೆಗೆ ರಾತ್ರಿ ನಿದ್ದೆಯಿಲ್ಲ. ಊಟ ಕಡಿಮೆಯಾಗಿದೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ತಲೆಯಾಡಿಸುತ್ತಾಳೆ. ಸೊಸೆ ಕಂಡು ಮಗನಿಗೆ ಹೇಳುತ್ತಾಳೆ, ಮಗ ಮನೋವೈದ್ಯರ ಬಳಿ ಕರೆದೊಯ್ಯುತ್ತಾನೆ.

ವೈದ್ಯರು ಒಳ್ಳೆಯವರೇ, ಅವಸರದವರಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಾರೆ: ‘ಕೋಯೀ ಆವಾಜ್ ಸುನಾಯೀ ದೇತೀ ಹೈ?’ ಅವ್ವ ಮಗನ ಮುಖ ನೋಡುತ್ತಾಳೆ. ಮಗ ಅನುವಾದ ಮಾಡುತ್ತಾನೆ: ‘ಅವ್ವಾ, ಏನರೆ ಸಪ್ಪಳ ಕೇಳಸ್ತೈತೇನು?’ ಅವ್ವ ಪ್ರಾಮಾಣಿಕವಾಗಿಯೇ ಹೇಳುತ್ತಾಳೆ: ‘ಸಪ್ಪಳ ಏನೂ ಇಲ್ಲಪಾ.’ ವೈದ್ಯರು ಹಾಳೆಯ ಮೇಲೆ ಬರೆಯುತ್ತಾರೆ: ದನಿ ಕೇಳಿಸುವುದಿಲ್ಲ.

ಆಕೆಗೆ ಕೇಳಿಸುತ್ತಿರುವುದು ಸಪ್ಪಳವಲ್ಲ, ಮಾತು. ತೀರಿಹೋದ ಗಂಡನ ದನಿಯಲ್ಲಿ, ಗದಗಿನ ಕನ್ನಡದಲ್ಲಿ, ದಿನಕ್ಕೆ ಹತ್ತು ಸಲ: ‘ಅಲ್ಲೇನ ಮಾಡಾಕತ್ತಿ? ಬಾ.’

ಈ ಮನೆ, ಈ ಅವ್ವ, ಈ ವೈದ್ಯರು ಕಲ್ಪನೆ. ಆದರೆ ಅಲ್ಲಿ ನಡೆದ ಎಡವಟ್ಟಿಗೆ ಕಲ್ಪನೆಯ ಸಹಾಯ ಬೇಕಿಲ್ಲ. ಹಿಂದಿಯ ‘ಆವಾಜ್’ ಸಪ್ಪಳವೂ ಹೌದು, ದನಿಯೂ ಹೌದು. ಕನ್ನಡದಲ್ಲಿ ಎರಡೂ ಬೇರೆ ಬೇರೆ. ಅಲ್ಲಿ ಒಂದು ಪದ ಜಾರಿದರೆ ಇಲ್ಲಿ ಒಂದು ರೋಗಲಕ್ಷಣವೇ ಕಡತದಿಂದ ಜಾರಿಹೋಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಾದರೆ ಕನ್ನಡ ಬಲ್ಲ ವೈದ್ಯರು ಸಿಕ್ಕಾರು. ಅಲ್ಲಿಂದ ನೂರಾರು ಕಿಲೋಮೀಟರ್ ಆಚೆಯ ವಿದರ್ಭದಲ್ಲಿ, ನೌಕರಿ ಹಿಡಿದು ನೆಲೆಸಿದವರ ಮನೆಯ ಹಿರಿಯರಿಗೆ ಆ ಅನುಕೂಲವಿಲ್ಲ. ಠಾಣೆ, ಪುಣೆ, ರತ್ನಾಗಿರಿಗಳಂತೆ ನಾಗಪುರದಲ್ಲೂ ಸರಕಾರದ ಪ್ರಾದೇಶಿಕ ಮನೋರುಗ್ಣಾಲಯ ಇದೆ, ಖಾಸಗಿ ವೈದ್ಯರೂ ಇದ್ದಾರೆ. ಇಲ್ಲದಿರುವುದು ಅವ್ವನ ಭಾಷೆ.

ಯಾರೂ ಇಲ್ಲದಾಗ ಕೇಳಿಸುವ ದನಿ ರೋಗಲಕ್ಷಣ ಆಗುವುದಕ್ಕೂ ಮೊದಲು ಭಾಷೆ. ಮಿದುಳು ಅದನ್ನು ಕಟ್ಟುವುದು ಭಾಷೆಯ ಸಾಮಾನುಗಳಿಂದಲೇ. ಹಾಗಿರುವಾಗ ಅದಕ್ಕೆ ‘ಭ್ರಮೆ’ ಎಂಬ ಚೀಟಿ ಅಂಟಿಸಿ, ಯಾವ ಭಾಷೆಯಲ್ಲಿ, ಯಾರ ದನಿಯಲ್ಲಿ, ಏನೆಂದು ಕೇಳಿತು ಎಂಬುದನ್ನು ವಿಚಾರಿಸದೆ ಔಷಧಿ ಬರೆಯುವುದು ಅರ್ಧ ವೈದ್ಯ. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆಯುವವರೂ, ಆಸ್ಪತ್ರೆ ನಡೆಸುವವರೂ, ಕರ್ನಾಟಕದ ಸರಕಾರವೂ ಈ ಅರ್ಧಕ್ಕೆ ಹೊಣೆಗಾರರು.

*

ಮೊದಲು ಪದದಿಂದಲೇ ಶುರುಮಾಡಬೇಕು. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಪಠ್ಯಗಳಲ್ಲಿ, ಅನುವಾದಗಳಲ್ಲಿ ಹ್ಯಾಲೂಸಿನೇಷನ್ನಿಗೆ ‘ಭ್ರಮೆ’, ಡೆಲ್ಯೂಷನ್ನಿಗೂ ‘ಭ್ರಮೆ’ ಅಥವಾ ‘ಭ್ರಾಂತಿ’, ಇಲ್ಯೂಷನ್ನಿಗೂ ‘ಭ್ರಮೆ’. ಮೂರು ಬೇರೆ ಬೇರೆ ಸಂಗತಿಗಳಿಗೆ ಒಂದೇ ಅಂಗಿ ಹೊಲಿದಿದ್ದೇವೆ. ಭ್ರಮೆ ಎಂದೊಡನೆ ನೆನಪಾಗುವುದು ಹಗ್ಗದ ಹಾವು. ಅಲ್ಲಿ ಹಗ್ಗ ಇದೆ. ನೋಡಿದವನು ತಪ್ಪಾಗಿ ತಿಳಿದ. ದೀಪ ತಂದರೆ ಹಾವು ಹೋಯಿತು. ಫ್ರಾನ್ಸಿನ ಮನೋವೈದ್ಯ ಎಸ್ಕಿರೋಲ್ 19ನೇ ಶತಮಾನದ ಮೊದಲರ್ಧದಲ್ಲೇ ಈ ಗೆರೆ ಎಳೆದಿದ್ದರು: ಇರುವ ವಸ್ತುವನ್ನು ಬೇರೆಯಾಗಿ ಕಾಣುವುದು ಒಂದು, ವಸ್ತುವೇ ಇಲ್ಲದೆ ಕಾಣುವುದು ಇನ್ನೊಂದು. ಅವ್ವನ ಅಡುಗೆಮನೆಯಲ್ಲಿ ಹಗ್ಗವೇ ಇಲ್ಲ. ಎಷ್ಟು ದೀಪ ತಂದರೂ ದನಿ ಹೋಗುವುದಿಲ್ಲ.

‘ಭ್ರಮೆ’ ಇನ್ನೊಂದು ಕೆಟ್ಟ ಕೆಲಸ ಮಾಡುತ್ತದೆ. ತಪ್ಪನ್ನು ಕೇಳಿಸಿಕೊಂಡವರ ಬುದ್ಧಿಯ ಮೇಲೆ ಹೊರಿಸುತ್ತದೆ. ‘ಎಲ್ಲಾ ನಿನ್ನ ಭ್ರಮೆ’ ಎಂಬ ವಾಕ್ಯ ಕನ್ನಡದ ಮನೆಗಳಲ್ಲಿ ಬಳಕೆಯಾಗುವುದು ಬಾಯಿ ಮುಚ್ಚಿಸುವುದಕ್ಕೆ. ಒಮ್ಮೆ ಅದನ್ನು ಕೇಳಿಸಿಕೊಂಡವರು ಎರಡನೇ ಸಲ ಹೇಳುವುದಿಲ್ಲ.

ಮಿದುಳಿನ ಚಿತ್ರಗಳು ಹೇಳುವುದೇ ಬೇರೆ. 1999ರಲ್ಲಿ ಥಾಮಸ್ ಡಿಯರ್ಕ್ಸ್ ಮತ್ತು ಜೊತೆಗಾರರು ದನಿ ಕೇಳಿಸುವ ಮೂವರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ದನಿ ಶುರುವಾದಾಗ ಗುಂಡಿ ಒತ್ತಲು ಹೇಳಿದರು. ಆ ಹೊತ್ತಿಗೆ ಚುರುಕಾದ ಭಾಗಗಳಲ್ಲಿ ಹೆಶಲ್ ಮಡಿಕೆಯೂ ಇತ್ತು. ಹೊರಗಿನ ಸದ್ದು ಮಿದುಳಿನ ಹೊರಪದರವನ್ನು ಮೊದಲು ತಲುಪುವ ಜಾಗ ಅದು. ‘ಕೇಳಿಸಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಮಟ್ಟಿಗೆ ಕೇಳಿಸುವ ಕ್ರಿಯೆ ನಡೆದಿದೆ, ಹೊರಗಿನಿಂದ ಸದ್ದು ಬಂದಿಲ್ಲ ಅಷ್ಟೆ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅಪಸ್ಮಾರದ ಶಸ್ತ್ರಚಿಕಿತ್ಸೆಯಲ್ಲಿ, ಎಚ್ಚರವಾಗಿದ್ದ ರೋಗಿಗಳ ಕಪೋಲದ ಬಳಿಯ ಮಿದುಳಿಗೆ ಸಣ್ಣ ವಿದ್ಯುತ್ ತಾಗಿಸಿದಾಗ ಕೆಲವರಿಗೆ ಮಾತು, ಸಂಗೀತ ಕೇಳಿಸಿದ್ದನ್ನು 1963ರಲ್ಲಿ ಪೆರೋ ಜೊತೆ ಸೇರಿ ವಿವರವಾಗಿ ದಾಖಲಿಸಿದರು. ಆ ರೋಗಿಗಳನ್ನು ಯಾರೂ ಭ್ರಮಿಷ್ಟರು ಎನ್ನಲಿಲ್ಲ.

*

ಹೊರಗಿನಿಂದ ಬಾರದ ಮಾತು ಎಲ್ಲಿಂದ ಬಂತು? ಇದಕ್ಕೆ ಕನ್ನಡದ ವ್ಯಾಕರಣದಲ್ಲೇ ಒಂದು ಸುಳಿವಿದೆ.

ಕನ್ನಡದಲ್ಲಿ ಯೋಚಿಸುವುದಕ್ಕೆ ದಿನಬಳಕೆಯ ಮಾತು ‘ಅಂದುಕೊಳ್ಳು’. ‘ಅನ್ನು’ ಎಂದರೆ ಹೇಳು. ‘ಕೊಳ್ಳು’ ಸೇರಿದರೆ ಅದು ತನಗೆ ತಾನೇ ಹೇಳಿದ್ದು. ‘ನಾಳೆ ಹೋಗಬೇಕು ಅಂದುಕೊಂಡೆ’ ಎಂದರೆ, ತುಟಿ ಅಲುಗಿಸದೆ, ತನ್ನೊಳಗೇ ಹೇಳಿಕೊಂಡೆ ಎಂದರ್ಥ. ಮಗು ಮೊದಲು ಗಟ್ಟಿಯಾಗಿ ತನ್ನೊಡನೆ ಮಾತಾಡಿಕೊಂಡು ಆಡುತ್ತದೆ, ಬೆಳೆದಂತೆ ಆ ಮಾತು ಒಳಗಿಳಿದು ಯೋಚನೆಯಾಗುತ್ತದೆ ಎಂದು ರಷ್ಯಾದ ಲೆವ್ ವೈಗಾಟ್‌ಸ್ಕಿ ವಾದಿಸಿದರು. ಅವರ ಪುಸ್ತಕ ಅಚ್ಚಾದದ್ದು 1934ರಲ್ಲಿ. ಕನ್ನಡ ಆ ತಿಳಿವನ್ನು ಒಂದು ಕ್ರಿಯಾಪದದಲ್ಲಿ ಕಟ್ಟಿಟ್ಟಿದೆ.

ದನಿ ಕೇಳಿಸುವುದರ ಬಗ್ಗೆ ಹೆಚ್ಚು ಪುರಾವೆ ಇರುವ ವಿವರಣೆಗಳಲ್ಲಿ ಒಂದನ್ನು ಹೀಗೆ ಹೇಳಬಹುದು: ಒಳಮಾತು ಹುಟ್ಟುತ್ತದೆ, ಆದರೆ ಅದಕ್ಕೆ ಅಂಟಬೇಕಿದ್ದ ‘ಕೊಳ್ಳು’ ಕಳಚಿ ಬೀಳುತ್ತದೆ. ‘ಅಂದುಕೊಂಡೆ’ ಎಂದಾಗಬೇಕಿದ್ದದ್ದು ‘ಅಂದರು’ ಎಂದಾಗುತ್ತದೆ.

ಈ ‘ಕೊಳ್ಳು’ ಮಿದುಳಿನಲ್ಲಿ ಹೇಗೆ ಅಂಟುತ್ತದೆ? ಯಾರೇ ಮಾತಾಡಿದರೂ ಆ ದನಿ ಮಾತಾಡಿದವರ ಕಿವಿಗೂ ಬೀಳುತ್ತದೆ, ಆದರೂ ಅವರು ಬೆಚ್ಚುವುದಿಲ್ಲ. ಬಾಯಿಗೆ ಆಜ್ಞೆ ಕಳಿಸುವಾಗಲೇ ಮಿದುಳು ಅದರ ಒಂದು ನಕಲನ್ನು ಕೇಳುವ ಭಾಗಕ್ಕೂ ಕಳಿಸಿರುತ್ತದೆ: ಈಗ ಬರುವುದು ನಮ್ಮದೇ ಸದ್ದು, ಗಾಬರಿ ಬೇಡ. ಇಂಥ ನಕಲಿನ ಕಲ್ಪನೆಯನ್ನು 1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟೆಲ್‌ಸ್ಟೆಟ್, ಅದೇ ವರ್ಷ ಅಮೆರಿಕದ ರೋಜರ್ ಸ್ಪೆರಿ, ಪ್ರಾಣಿಗಳ ಕಣ್ಣು ಮತ್ತು ಚಲನೆಯ ಪ್ರಯೋಗಗಳಿಂದ ಮುಂದಿಟ್ಟರು. ತನಗೆ ತಾನೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದರಿಂದಲೇ. ದನಿ ಕೇಳಿಸುವವರಿಗೆ ತಮ್ಮ ಕೈಯ ಸ್ಪರ್ಶವೂ ಬೇರೆಯವರ ಸ್ಪರ್ಶದಷ್ಟೇ ಕಚಗುಳಿ ತರುತ್ತದೆ ಎಂದು ಸಾರಾ ಬ್ಲೇಕ್‌ಮೋರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಸದ್ದು ಕಿವಿಗೆ ಬಿದ್ದು ಸುಮಾರು 100 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಏಳುವ ಒಂದು ವಿದ್ಯುತ್ ಅಲೆ, ಅದು ಸ್ವಂತ ಮಾತಾಗಿದ್ದರೆ ತಗ್ಗುತ್ತದೆ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಆ ತಗ್ಗುವಿಕೆ ಕಡಿಮೆ ಎಂದು ಅಮೆರಿಕದ ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮ್ಯಾಥಲನ್ ಹಲವು ಅಧ್ಯಯನಗಳಲ್ಲಿ ಕಂಡರು. ಮಾತು ತಮ್ಮದೇ, ಆದರೆ ಮೊಹರು ಬಿದ್ದಿಲ್ಲ.

ದನಿ ಕೇಳಿಸುವಾಗ ಮಿದುಳು ನಿಜವಾಗಿ ಮಾತಾಡುತ್ತಿರುತ್ತದೆಯೇ? ಲೂಯಿ ಗೂಲ್ಡ್ ಎಂಬ ವೈದ್ಯರು 1949ರಲ್ಲಿ ಒಬ್ಬ ರೋಗಿಯ ಪಿಸುಗುಟ್ಟುವಿಕೆಯನ್ನು ಮೈಕಿನಿಂದ ಹಿಗ್ಗಿಸಿ ಕೇಳಿದಾಗ, ‘ದನಿ’ ಏನು ಹೇಳಿತೆಂದು ರೋಗಿ ವರದಿ ಮಾಡಿದ್ದಕ್ಕೂ ಪಿಸುಮಾತಿಗೂ ತಾಳೆಯಾಯಿತು. 1987ರಲ್ಲಿ ಬಿಕ್ ಮತ್ತು ಕಿನ್ಸ್‌ಬೋರ್ನ್ ಇನ್ನೂ ಸರಳವಾದದ್ದನ್ನು ಮಾಡಿದರು: ದನಿ ಬಂದಾಗ ಬಾಯನ್ನು ಅಗಲವಾಗಿ ತೆರೆದಿಡಿ ಎಂದರು. 18 ಜನರಲ್ಲಿ 14 ಜನಕ್ಕೆ ದನಿ ನಿಂತಿತು. ಲಂಡನ್ನಿನ ಫಿಲಿಪ್ ಮೆಕ್‌ಗ್ವಾಯರ್ ಮತ್ತು ಸಂಗಡಿಗರು 1993ರಲ್ಲಿ, ದನಿ ಕೇಳಿಸುವ ಹೊತ್ತಿನಲ್ಲಿ ಬ್ರೋಕಾ ಪ್ರದೇಶಕ್ಕೆ ರಕ್ತದ ಹರಿವು ಹೆಚ್ಚುವುದನ್ನು ಕಂಡರು. ಬ್ರೋಕಾ ಮಾತನ್ನು ಹುಟ್ಟಿಸುವ ಜಾಗ.

ಎಲ್ಲಕ್ಕಿಂತ ಬಲವಾದ ಸಾಕ್ಷಿ ಹುಟ್ಟುಕಿವುಡರದು. ಸನ್ನೆ ಭಾಷೆಯಲ್ಲೇ ಬೆಳೆದು, ಸದ್ದು ಎಂದರೇನೆಂದೇ ಅರಿಯದ ಕೆಲವರೂ ಸ್ಕಿಜೋಫ್ರೀನಿಯಾದಲ್ಲಿ ‘ಯಾರೋ ನನಗೆ ಹೇಳುತ್ತಾರೆ’ ಎನ್ನುತ್ತಾರೆ. ಲಂಡನ್ನಿನ ಜೊವಾನಾ ಅಟ್ಕಿನ್ಸನ್ ಅವರನ್ನು ಮಾತಾಡಿಸಿದಾಗ, ಹಲವರು ಹೇಳಿದ್ದು ದೇಹವಿಲ್ಲದೆ ಸನ್ನೆ ಮಾಡುವ ಕೈಗಳ ಬಗ್ಗೆ, ಅಲುಗುವ ತುಟಿಗಳ ಬಗ್ಗೆ. ಅಂದರೆ ಈ ಅನುಭವದ ತಿರುಳು ಸದ್ದಿಗಿಂತ ಭಾಷೆಯೇ. ಸದ್ದು ಕೇಳಬಲ್ಲವರಲ್ಲಿ ಅದು ಸದ್ದಿನ ವೇಷ ತೊಡುತ್ತದೆ.

ಒಂದೇ ಸಿದ್ಧಾಂತ ಎಲ್ಲವನ್ನೂ ವಿವರಿಸುವುದಿಲ್ಲ. ಒಳಮಾತು ತನ್ನದೇ ಆಗಿದ್ದರೆ ಗಂಡನ ದನಿಯೇ ಏಕೆ ಬರಬೇಕು? ಇಲ್ಲಿ ನೆನಪೂ ನಿರೀಕ್ಷೆಯೂ ಕೈಜೋಡಿಸುತ್ತವೆ. ಮಿದುಳು ಸದ್ದಿಗಾಗಿ ಸುಮ್ಮನೆ ಕಾದು ಕೂರುವುದಿಲ್ಲ. ಮುಂದೇನು ಕೇಳಿಸಲಿದೆ ಎಂದು ಮೊದಲೇ ಊಹಿಸುತ್ತಿರುತ್ತದೆ. ಯೇಲ್ ವಿಶ್ವವಿದ್ಯಾಲಯದ ಆಲ್ಬರ್ಟ್ ಪವರ್ಸ್, ಫಿಲಿಪ್ ಕಾರ್ಲೆಟ್ ಮೊದಲಾದವರು 2017ರಲ್ಲಿ ಒಂದು ಚಿತ್ರವನ್ನೂ ಒಂದು ಸಣ್ಣ ನಾದವನ್ನೂ ಮತ್ತೆ ಮತ್ತೆ ಜೊತೆಯಾಗಿ ಕೊಟ್ಟು, ಆಮೇಲೆ ಚಿತ್ರವನ್ನಷ್ಟೇ ತೋರಿಸಿದರು. ಬಹಳ ಜನಕ್ಕೆ ಇಲ್ಲದ ನಾದವೂ ಕೇಳಿಸಿತು. ದನಿ ಕೇಳಿಸುವ ಅಭ್ಯಾಸ ಇದ್ದವರಿಗೆ ಹೆಚ್ಚು ಸಲ, ಹೆಚ್ಚು ಖಾತ್ರಿಯಿಂದ ಕೇಳಿಸಿತು. ಅವರಲ್ಲಿ ರೋಗವೆಂದು ಚಿಕಿತ್ಸೆ ಪಡೆಯುತ್ತಿದ್ದವರೂ ಇದ್ದರು, ದನಿಯನ್ನು ವರವೆಂದು ತಿಳಿದು ಆರಾಮಾಗಿ ಬದುಕುತ್ತಿದ್ದವರೂ ಇದ್ದರು. ನಲವತ್ತು ವರ್ಷ ಒಂದೇ ಕರೆಗೆ ಓಗೊಟ್ಟ ಕಿವಿ, ಭಾಷೆ ಗೊತ್ತಿಲ್ಲದ ಊರಿನ ಮೌನದಲ್ಲಿ ಅದೇ ಕರೆಯನ್ನು ಕಾಯುತ್ತಿದ್ದರೆ ಆಶ್ಚರ್ಯವೇನು?

ವಯಸ್ಸಾಗಿ ಕಿವಿ ಮಂದವಾದವರಿಗೆ ಹಳೆಯ ಹಾಡುಗಳು ಕೇಳಿಸುವುದೂ ಉಂಟು. ಹೊರಗಿನ ಸದ್ದು ಕಡಿಮೆಯಾದಷ್ಟೂ ಮಿದುಳು ತನ್ನ ದಾಸ್ತಾನಿನಿಂದ ತುಂಬಿಸಿಕೊಳ್ಳುತ್ತದೆ. ಅಂಥವರಲ್ಲಿ ಕೆಲವರಿಗೆ ಹಿಯರಿಂಗ್ ಏಡ್ ಹಾಕಿದರೇ ಹಾಡು ತಗ್ಗುತ್ತದೆ. ಆದ್ದರಿಂದ ಅವ್ವನಂಥವರಿಗೆ ಮೊದಲು ಆಗಬೇಕಾದ ಪರೀಕ್ಷೆಗಳಲ್ಲಿ ಕಿವಿಯದೂ ಒಂದು.

*

ಈಗ ಎದುರುವಾದಗಳು. ಮೊದಲನೆಯದು ಮನೋವೈದ್ಯದ ಒಳಗಿನಿಂದಲೇ ಬರುತ್ತದೆ: ದನಿ ಏನು ಹೇಳಿತು ಎನ್ನುವುದು ಮುಖ್ಯವಲ್ಲ, ಅದರ ರೂಪ ಮುಖ್ಯ. ಬಂತೋ ಇಲ್ಲವೋ, ಎಷ್ಟು ಸಲ ಬಂತು, ಎರಡು ದನಿ ತಮ್ಮೊಳಗೆ ವಾದಿಸುತ್ತವೆಯೋ, ಮಾಡಿದ್ದನ್ನೆಲ್ಲ ಬಣ್ಣಿಸುತ್ತವೆಯೋ, ಇಷ್ಟು ಸಾಕು. ಜರ್ಮನಿಯ ಕರ್ಟ್ ಶ್ನೈಡರ್ ಪಟ್ಟಿಮಾಡಿದ ಲಕ್ಷಣಗಳ ಪರಂಪರೆ ಇದು.

ಅದನ್ನೇ ಒಪ್ಪಿಕೊಂಡರೂ ಭಾಷೆ ಬಿಡುವುದಿಲ್ಲ. ರೂಪ ಎಂಬುದು ವ್ಯಾಕರಣವೇ. ದನಿ ನಿಮ್ಮೊಡನೆ ಮಾತಾಡುತ್ತದೆಯೋ, ನಿಮ್ಮ ಬಗ್ಗೆ ಮಾತಾಡುತ್ತದೆಯೋ? ಕನ್ನಡದಲ್ಲಿ ಇದು ಕ್ರಿಯಾಪದದ ತುದಿಯಲ್ಲಿದೆ. ‘ಎಲ್ಲಿ ಹೊಂಟಿ?’ ಎಂದರೆ ಅವಳೊಡನೆ. ‘ಎಲ್ಲಿ ಹೊಂಟಾಳ ನೋಡು’ ಎಂದರೆ ಅವಳ ಬಗ್ಗೆ. ಶ್ನೈಡರನ ಪಟ್ಟಿಯಲ್ಲಿ ಇವೆರಡರ ತೂಕ ಬೇರೆ. ದನಿ ಏಕವಚನದಲ್ಲಿ ಕರೆಯುತ್ತದೆಯೋ, ‘ರೀ’ ಹಚ್ಚಿ ಕರೆಯುತ್ತದೆಯೋ? ಅಷ್ಟರಿಂದಲೇ ಅದು ಗಂಡನದೋ, ಅತ್ತೆಯದೋ, ಅಪರಿಚಿತನದೋ, ಅಧಿಕಾರದ್ದೋ ಎಂದು ಅಂದಾಜಾಗುತ್ತದೆ. ಮಗ ಇದನ್ನೆಲ್ಲ ‘ಕುಛ್ ಬೋಲತೇ ಹೈಂ’ ಎಂಬ ಒಂದು ಸಾಲಿಗೆ ಇಳಿಸಿದಾಗ ರೂಪವೂ ಹೋಯಿತು, ಹುರುಳೂ ಹೋಯಿತು.

ಹುರುಳಿಗೂ ಬೆಲೆಯಿದೆ ಎಂಬುದಕ್ಕೆ ದಕ್ಷಿಣ ಭಾರತದ್ದೇ ಪುರಾವೆಯಿದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್, ಚೆನ್ನೈನ ಮನೋವೈದ್ಯರಾದ ಆರ್. ಪದ್ಮಾವತಿ, ಹೇಮಾ ಥರೂರ್ ಮತ್ತು ಘಾನಾದ ವೈದ್ಯರೊಬ್ಬರು ಕೂಡಿ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ, ಚೆನ್ನೈ ಈ ಮೂರು ಕಡೆ ತಲಾ 20 ಜನರನ್ನು ಮಾತಾಡಿಸಿದರು. ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ಅಮೆರಿಕದವರು ದನಿಯನ್ನು ಹೆಚ್ಚಾಗಿ ಹಿಂಸೆಯ, ತಲೆಯೊಳಗೆ ನುಗ್ಗಿದ ಅಪರಿಚಿತನ ದಾಳಿಯಾಗಿ ವರ್ಣಿಸಿದರು. ಚೆನ್ನೈಯ ಹಲವರಿಗೆ ಕೇಳಿಸುತ್ತಿದ್ದದ್ದು ಬಂಧುಗಳ ದನಿ: ಮನೆಗೆಲಸ ಮಾಡು ಎನ್ನುವ, ಬೈಯುವ, ಬುದ್ಧಿ ಹೇಳುವ ದನಿ. ಕಾಯಿಲೆಯ ಹೆಸರು ಒಂದೇ, ಅದರೊಡನೆ ಬದುಕುವ ದಾರಿ ಬೇರೆ. ಇದನ್ನು ಕೇಳಿ ತಿಳಿಯದೆ ‘ದನಿ: ಇದೆ / ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದರೆ ಉಳಿಯುವುದೇನು?

ಎರಡನೆಯ ಎದುರುವಾದ ವಿಚಾರವಾದಿಗಳದು: ದನಿಯ ಮಾತಿಗೆ ಇಷ್ಟು ಮರ್ಯಾದೆ ಕೊಟ್ಟರೆ ದೆವ್ವ ಬಿಡಿಸುವವರಿಗೆ ಬಾಗಿಲು ತೆರೆದಂತೆ. ಆತಂಕ ಸರಿಯಾದದ್ದೇ. ಮೈಮೇಲೆ ಬಂದಿದೆ ಎಂದು ಹೊಡೆಯುವುದನ್ನು ತಡೆಯಲು ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಕಾನೂನು ಮಾಡಬೇಕಾಯಿತು. ಆದರೆ ಜನ ಅಲ್ಲಿಗೆ ಯಾಕೆ ಹೋಗುತ್ತಾರೆ ಎಂದೂ ಕೇಳಬೇಕು. ಅಲ್ಲಿ ಕೂತವನು ಅವರದೇ ಭಾಷೆಯಲ್ಲಿ ‘ಯಾರು ಬಂದಾರ? ಏನ ಕೇಳತಾರ?’ ಎಂದು ವಿಚಾರಿಸುತ್ತಾನೆ. ಅವನ ಉತ್ತರ ಸುಳ್ಳು, ಅವನ ಬೆತ್ತ ಅಪರಾಧ. ಆದರೆ ಅವನ ಪ್ರಶ್ನೆಯನ್ನು ಆಸ್ಪತ್ರೆ ಕೇಳುತ್ತಿಲ್ಲ. ಆ ಪ್ರಶ್ನೆಯನ್ನು ವೈದ್ಯರು ಕಿತ್ತುಕೊಳ್ಳಬೇಕು. ಮಾತು ಎಲ್ಲಿ ಹುಟ್ಟಿತು ಎಂದು ತಿಳಿದವರಿಗೆ ಅದು ಏನು ಹೇಳಿತು ಎಂದು ಕೇಳುವ ಭಯ ಇರಬಾರದು.

ಇದು ಮಾತ್ರೆ ಬೇಡ ಎಂಬ ವಾದವೂ ಅಲ್ಲ. 1950ರ ದಶಕದಿಂದ ಬಂದ ಔಷಧಿಗಳು ಲಕ್ಷಾಂತರ ಜನರ ದನಿಗಳನ್ನು ತಗ್ಗಿಸಿವೆ. ಔಷಧಿಗೆ ಬಗ್ಗದ ದನಿಗಳಿಗೆ ತಲೆಯ ಮೇಲಿಂದ ಸಣ್ಣ ವಿದ್ಯುತ್ ಹರಿಸುವ ಟಿಡಿಸಿಎಸ್ ವಿಧಾನದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ವರ್ಷಗಳಿಂದ ಸಂಶೋಧನೆ ಮಾಡುತ್ತಿದೆ. ಆ ಎಲೆಕ್ಟ್ರೋಡುಗಳನ್ನು ಇಡುವುದು ಎಡಭಾಗದ ಹಣೆ ಮತ್ತು ಕಪೋಲದ ಹಿಂಬದಿಗೆ, ಮಾತನ್ನು ಹುಟ್ಟಿಸುವ ಮತ್ತು ಗ್ರಹಿಸುವ ಜಾಲಗಳ ಸಮೀಪ. ಚಿಕಿತ್ಸೆಯೇ ಭಾಷೆಯ ಜಾಗವನ್ನು ಹುಡುಕಿ ಹೋಗುತ್ತಿರುವಾಗ, ತಪಾಸಣೆ ಭಾಷೆಯನ್ನು ಬಿಟ್ಟು ನಡೆಯುವುದು ಎಂಥ ವಿಚಿತ್ರ!

*

ಭಾಷೆ ಬದಲಾದರೆ ರೋಗನಿದಾನವೇ ಬದಲಾಗುತ್ತದೆ ಎಂಬುದು ಅರ್ಧ ಶತಮಾನದ ಹಿಂದಿನ ತಿಳಿವಳಿಕೆ. 1970ರಲ್ಲಿ ಡೆಲ್ ಕ್ಯಾಸ್ಟಿಲ್ಲೋ ಎಂಬ ವೈದ್ಯರು ಅಮೆರಿಕಕ್ಕೆ ವಲಸೆ ಬಂದ ರೋಗಿಗಳ ಬಗ್ಗೆ ಬರೆದರು: ತಾಯ್ನುಡಿಯಲ್ಲಿ ಮಾತಾಡಿಸಿದಾಗ ಕಾಯಿಲೆ ಢಾಳಾಗಿ ಕಂಡ ಕೆಲವರು, ಇಂಗ್ಲಿಷಿನಲ್ಲಿ ಮಾತಾಡಿಸಿದಾಗ ಬಹುಮಟ್ಟಿಗೆ ಸರಿಯಾಗಿರುವಂತೆ ಕಂಡರು. 1973ರಲ್ಲಿ ಲೂಯಿಸ್ ಮಾರ್ಕೋಸ್ ಮತ್ತು ಜೊತೆಗಾರರು ಇದಕ್ಕೆ ತಿರುವುಮುರುವಾದದ್ದನ್ನು ಕಂಡರು: ಸ್ಪ್ಯಾನಿಷ್ ಮಾತಾಡುವ ರೋಗಿಗಳು ಇಂಗ್ಲಿಷ್ ಸಂದರ್ಶನದಲ್ಲೇ ಹೆಚ್ಚು ಕಾಯಿಲೆಯವರಂತೆ ಕಂಡರು, ಯಾಕೆಂದರೆ ತಡವರಿಕೆ, ಮೌನ, ಮೊಟಕು ಉತ್ತರಗಳೆಲ್ಲ ಲಕ್ಷಣಗಳಾಗಿ ಬಿಟ್ಟವು. ಎರಡರಲ್ಲಿ ಯಾವುದು ಸರಿ ಎಂಬ ಜಗಳ ಇಲ್ಲಿ ಬೇಡ. ಪರಕೀಯ ಭಾಷೆ ಒಮ್ಮೆ ಕಾಯಿಲೆಯನ್ನು ಮುಚ್ಚುತ್ತದೆ, ಒಮ್ಮೆ ಇಲ್ಲದ್ದನ್ನು ತೋರಿಸುತ್ತದೆ. ಎರಡೂ ಅಪಾಯವೇ.

ಅವ್ವನ ವಿಷಯದಲ್ಲಿ ಎರಡೂ ಅಪಾಯ ಒಟ್ಟಿಗಿವೆ. ಗಂಡನ ದನಿ ಕೇಳಿಸುವುದು ರೋಗವೇ ಅಲ್ಲದಿರಬಹುದು. ವೇಲ್ಸಿನ ಹಳ್ಳಿಗಾಡಿನ ವೈದ್ಯ ಡೀವಿ ರೀಸ್ 1971ರಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದಾಗ, ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಸತ್ತವರ ಇರವು ಒಂದಲ್ಲ ಒಂದು ರೀತಿ ಅನುಭವವಾಗಿತ್ತು. ನೂರರಲ್ಲಿ 13 ಮಂದಿಗೆ ದನಿ ಕೇಳಿಸಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ, ಬಹಳ ಮಂದಿಗೆ ಅದು ಸಮಾಧಾನವನ್ನೇ ತಂದಿತ್ತು. 18 ದೇಶಗಳ 31,000ಕ್ಕೂ ಹೆಚ್ಚು ಜನರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ನೂರಕ್ಕೆ ಐದು ಜನ ಬದುಕಿನಲ್ಲಿ ಒಮ್ಮೆಯಾದರೂ ಇಲ್ಲದ್ದನ್ನು ಕಂಡಿದ್ದರು ಇಲ್ಲವೆ ಕೇಳಿದ್ದರು. ಅವರೆಲ್ಲರೂ ರೋಗಿಗಳಲ್ಲ.

ಆದರೆ ಅದೇ ದನಿ ಸಾವಿನ ಕರೆಯೂ ಆಗಿರಬಹುದು. ‘ಬಾ’ ಎಂದರೆ ಎಲ್ಲಿಗೆ? ಊಟಕ್ಕೆ ಬಾ, ಊರಿಗೆ ಬಾ, ನಾನಿರುವಲ್ಲಿಗೆ ಬಾ, ಈ ಮೂರಕ್ಕೂ ಕನ್ನಡದಲ್ಲಿ ಒಂದೇ ಅಕ್ಷರ. ಮೊದಲನೆಯದಕ್ಕೆ ಬೇಕಾದದ್ದು ಜೊತೆ ಮತ್ತು ಸಮಯ. ಎರಡನೆಯದಕ್ಕೆ ಗದಗಿನ ಬಸ್ಸು. ಮೂರನೆಯದಕ್ಕೆ ಆ ರಾತ್ರಿಯಿಂದಲೇ ಕಾವಲು ಮತ್ತು ಚಿಕಿತ್ಸೆ. ‘ಎಲ್ಲಿಗೆ ಬಾ ಅಂತಾರ್ರೀ ಅವರು?’ ಎಂದು ಕೇಳಬಲ್ಲವರು ಕೋಣೆಯಲ್ಲಿ ಇಲ್ಲದಿದ್ದರೆ ಮೂರೂ ಒಂದೇ ಆಗಿಬಿಡುತ್ತವೆ. ಕೇಳಿದರೂ ಮಗನ ಮುಂದೆ ಆಕೆ ಹೇಳುವಳೇ? ‘ಇಲ್ಲಿ ಮಗಗ ಭಾರ ಆಗೀದಿ’ ಎಂಬ ಸಾಲೂ ದನಿಯ ಜೊತೆ ಬರುತ್ತಿದ್ದರೆ, ಅದನ್ನು ಅನುವಾದಿಸು ಎಂದು ಮಗನ ಕೈಗೇ ಕೊಡುವುದು ತಾಯಿಯಿಂದ ಆಗುವ ಮಾತಲ್ಲ. ಮನೆಯವರು ದುಭಾಷಿಯಾಗಬಾರದು ಎಂಬುದು ಶಿಷ್ಟಾಚಾರದ ಮಾತಲ್ಲ, ಜೀವ ಉಳಿಸುವ ಮಾತು.

*

ಇಷ್ಟು ಭಾಷೆಗಳ ದೇಶದಲ್ಲಿ ಇದು ಆಗುವ ಕೆಲಸವೇ ಎಂಬುದು ಮೂರನೆಯ ಎದುರುವಾದ, ಎಲ್ಲಕ್ಕಿಂತ ಸೋಮಾರಿಯಾದದ್ದು. ಕಳವಿನ ಆರೋಪಿಗೂ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ನಮ್ಮ ದಂಡ ಪ್ರಕ್ರಿಯೆಯ ಕಾನೂನು ಎಂದೋ ಹೇಳಿದೆ. ಆರೋಪಿಗೆ ಸಿಗುವುದು ರೋಗಿಗೆ ಯಾಕೆ ಸಿಗಬಾರದು? 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಮು, ಕಾಯಿಲೆ ಏನು, ಚಿಕಿತ್ಸೆ ಏನು ಎಂಬ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಪಡೆಯುವ ಹಕ್ಕು ಕೊಟ್ಟಿದೆ. ಹೇಳುವುದು ರೋಗಿಯ ಭಾಷೆಯಲ್ಲಾಗಬೇಕು ಎಂದಮೇಲೆ ಕೇಳುವುದೂ ಅದೇ ಭಾಷೆಯಲ್ಲಾಗಬೇಕು ಎಂದು ಬೇರೆ ಬಿಡಿಸಿ ಹೇಳಬೇಕೇ?

ದಾರಿ ಕಷ್ಟದ್ದೇನಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಉತ್ತರಿಸುವ ವ್ಯವಸ್ಥೆ ಮಾಡಲಾಗಿದೆ. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಫೋನಿನಲ್ಲಿ ಒಂಟಿ ರೋಗಿಗೆ ಸಿಗುವ ಕನ್ನಡದ ದನಿ, ನಾಗಪುರದ ವೈದ್ಯರ ಮೇಜಿನ ಮೇಲೂ ಸಿಗುವಂತೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ತರಬೇತಾದ ಕನ್ನಡದ ಮನೋಸಾಮಾಜಿಕ ಕಾರ್ಯಕರ್ತರನ್ನು ಹೊರರಾಜ್ಯದ ತಪಾಸಣೆಗಳಿಗೆ ವಿಡಿಯೋದಲ್ಲಿ ದುಭಾಷಿಯಾಗಿ ಒದಗಿಸುವುದು, ಅದಕ್ಕೆ ಸಂಬಳ ಕೊಡುವುದು ಕರ್ನಾಟಕ ಸರಕಾರದ ಕೈಯಲ್ಲಿದೆ. ಹೊರನಾಡ ಕನ್ನಡಿಗರ ಹೆಸರಲ್ಲಿ ನಡೆಯುವ ಉತ್ಸವಗಳ ಒಂದು ಪೆಂಡಾಲಿನ ಖರ್ಚು ಇಲ್ಲಿಗೆ ತಿರುಗಿದರೂ ಕೆಲಸ ಶುರುವಾಗುತ್ತದೆ.

ಇದರಲ್ಲಿ ಕನ್ನಡದ ಹೆಮ್ಮೆ ಹುಡುಕುವವರು ಕನ್ನಡಿ ನೋಡಿಕೊಳ್ಳಲಿ. ಬೆಂಗಳೂರಿನ ಕಟ್ಟಡ ಕೆಲಸದ ಒಡಿಯಾ ಹುಡುಗನಿಗೆ, ಕಲಬುರಗಿಯ ತಾಂಡಾದ ಲಂಬಾಣಿ ಅಜ್ಜಿಗೆ, ಕೊಡಗಿನ ಎರವ ಹೆಂಗಸಿಗೆ ‘ಏನಾದರೂ ಕೇಳಿಸುತ್ತಾ?’ ಎಂದು ಕನ್ನಡದಲ್ಲಿ ಕೇಳಿ, ‘ಇಲ್ಲ’ ಎಂದು ಬರೆದುಕೊಳ್ಳುವ ಕೋಣೆಗಳು ಕರ್ನಾಟಕದಲ್ಲೇ ಇವೆ. ಲಕ್ಷ್ಮೀ ನಗರದ ಅವ್ವನಿಗೆ ಬೇಕೆಂದು ಕೇಳುವುದನ್ನು ಇವರಿಗೆ ಮೊದಲು ಕೊಡಬೇಕು.

ಪದ ಬದಲಿಸುವುದರಿಂದ ಏನಾದೀತು ಎಂದು ಮೂಗು ಮುರಿಯುವವರಿಗೆ ಜಪಾನಿನ ಉದಾಹರಣೆ ಇದೆ. ಅಲ್ಲಿ ಸ್ಕಿಜೋಫ್ರೀನಿಯಾದ ಹಳೆಯ ಹೆಸರು ‘ಮನಸ್ಸು ಸೀಳಿದ ರೋಗ’ ಎಂಬ ಅರ್ಥದ್ದಾಗಿತ್ತು. ಕನ್ನಡದ ‘ಇಚ್ಚಿತ್ತ ವಿಕಲತೆ’ಯೂ ಆ ಜಾತಿಯದೇ. ರೋಗಿಗಳ ಕುಟುಂಬಗಳು ಒತ್ತಾಯಿಸಿ, 2002ರಲ್ಲಿ ಅದನ್ನು ‘ಹೊಂದಾಣಿಕೆ ತಪ್ಪಿದ ಸ್ಥಿತಿ’ ಎಂಬರ್ಥದ ಹೆಸರಿಗೆ ಬದಲಿಸಿದರು. ತಮ್ಮ ಕಾಯಿಲೆಯ ಹೆಸರನ್ನು ವೈದ್ಯರಿಂದ ತಿಳಿದ ರೋಗಿಗಳು 2002ರಲ್ಲಿ ನೂರಕ್ಕೆ 37ರಷ್ಟಿದ್ದರೆ, ಎರಡೇ ವರ್ಷದಲ್ಲಿ 70ರಷ್ಟಾದರು. ಹೇಳಲು ನಾಲಿಗೆ ಏಳದಂಥ ಪದ ಹೋಗಿ ಹೇಳಬಹುದಾದ ಪದ ಬಂದದ್ದೇ ಅದಕ್ಕೆ ಕಾರಣ.

ಕನ್ನಡದಲ್ಲಿ ಹೊಸ ಪದ ಟಂಕಿಸುವ ಗೋಜೂ ಇಲ್ಲ. ‘ದನಿ ಕೇಳಿಸುವುದು’ ಸಾಕು. ‘ನನಗೆ ಕೇಳಿಸುತ್ತದೆ’ ಎಂಬ ವಾಕ್ಯದಲ್ಲಿ ‘ನಾನು’ ಕರ್ತೃವಲ್ಲ. ಮಾಡಿದ್ದು ನಾನಲ್ಲ, ನನಗೆ ಆದದ್ದು. ಬೈಗುಳವಿಲ್ಲ, ತೀರ್ಪಿಲ್ಲ, ದೇವರೂ ಇಲ್ಲ, ದೆವ್ವವೂ ಇಲ್ಲ. ಪ್ರಯೋಗಾಲಯಗಳು ಕಂಡದ್ದಕ್ಕೂ ಇದಕ್ಕೂ ಸರಿಹೊಂದುತ್ತದೆ. ಕನ್ನಡದ ಸಂಪಾದಕರು, ಅನುವಾದಕರು, ವೈದ್ಯಲೇಖಕರು ನಾಳೆಯಿಂದಲೇ ‘ಶ್ರವಣ ಭ್ರಮೆ’ಯನ್ನು ಬಿಡಬಹುದು. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ.

ವೈದ್ಯರ ಹಾಳೆಯಲ್ಲಿ ಎರಡು ಸಾಲು ಹೆಚ್ಚಾಗಬೇಕು: ದನಿಯ ಭಾಷೆ ಯಾವುದು, ತಪಾಸಣೆ ನಡೆದ ಭಾಷೆ ಯಾವುದು. ಎರಡೂ ಬೇರೆಯಾಗಿದ್ದರೆ ತಪಾಸಣೆ ಇನ್ನೂ ಮುಗಿದಿಲ್ಲ ಎಂದರ್ಥ.

ಲಕ್ಷ್ಮೀ ನಗರದ ಆ ಅವ್ವನನ್ನು ಮಗನನ್ನು ಹೊರಗೆ ಕೂರಿಸಿ, ಪರದೆಯ ಮೇಲಿಂದ ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು ಮಾತಾಡಿಸಿದಳು ಎಂದಿಟ್ಟುಕೊಳ್ಳಿ. ‘ಯಾರರೆ ಮಾತಾಡಿದ್ಹಂಗ ಕೇಳಸ್ತದೇನ್ರೀ, ಅವ್ವಾರ?’ ಮೂರು ತಿಂಗಳಲ್ಲಿ ಮೊದಲ ಸಲ ಆಕೆ ತಲೆಯೆತ್ತಿ ಹೇಳುತ್ತಾಳೆ: ‘ಹೂಂ ಯವ್ವಾ. ನಮ್ಮ ಮನ್ಯಾಗಿನವರು ಕರೀತಾರ.’ ಅಲ್ಲಿಂದ ಚಿಕಿತ್ಸೆ ಶುರುವಾಗುತ್ತದೆ.